ಸಾಯುವ ಕೋಳಿ ಸಂತೆಗೆ ಬೇಡ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕುವವರು ನಾವು. ತಿಪ್ಪೆ ಕೆದರಿ ಮೇಯ್ದು, ಮನೆಯ ಹೆಣ್ಣುಮಕ್ಕಳ ಕೈಗೆ ಮೊಟ್ಟೆ ದುಡ್ಡು ಕೊಡುವ ಜೀವ ಅದು. ಒಂದು ಬೆಳಿಗ್ಗೆ ಗೂಡು ತೆಗೆದರೆ ಎರಡು ಸತ್ತಿರುತ್ತವೆ, ಮೂರು ತೂಕಡಿಸುತ್ತಿರುತ್ತವೆ. ಆಗ ನಮ್ಮ ಬಾಯಲ್ಲಿ ಬರೋದು ಒಂದೇ ಮಾತು: "ಉಳಿದದ್ದನ್ನರ ಲಗೂನ ಸಂತಿಗೆ ಒಯ್ದು ಮಾರಿಬಿಡ್ರಿ." ರೋಗ ಒಂದೂರಿಂದ ಹತ್ತೂರಿಗೆ ಹೋಗುವುದು ಹೀಗೇ.

ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಹಕ್ಕಿಜ್ವರವೂ ಇರಬಹುದು. ಎರಡರಲ್ಲೂ ಕೋಳಿ ಮಂಕಾಗುತ್ತದೆ, ಉಸಿರಿಗೆ ಕಷ್ಟಪಡುತ್ತದೆ, ಭೇದಿ ಮಾಡುತ್ತದೆ, ಸಾಲಾಗಿ ಸಾಯುತ್ತದೆ. ಕಣ್ಣಳತೆಯಲ್ಲಿ ತಿಳಿಯದು. ಹಕ್ಕಿಜ್ವರ ಖಾತ್ರಿಯಾಗುವುದು ಭೋಪಾಲದ ಪ್ರಯೋಗಾಲಯದಲ್ಲಿ.

ಇದು ದೂರದ ಸುದ್ದಿಯಲ್ಲ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟಕ್ಕೆ ಬಂತು. 2020ರ ಮಾರ್ಚಿನಲ್ಲಿ ತುಂಗಭದ್ರೆಯ ಆಚೆ ದಡದ ಹರಿಹರ ತಾಲ್ಲೂಕಿನಲ್ಲೇ ಕಾಣಿಸಿತು.

ಈ ವೈರಸ್ಸನ್ನು ಕಾಡು ಬಾತುಗಳು ತಾವು ಕಾಯಿಲೆ ಬೀಳದೆಯೂ ಹೊತ್ತು ತರುತ್ತವೆ. ಚಳಿಗಾಲದಲ್ಲಿ ಕೆರೆಗೆ ಬರುವ ಹಕ್ಕಿಗಳ ಹಿಕ್ಕೆ ಬಿದ್ದ ನೀರು ಕೋಳಿಗೆ ಸಿಗಬಾರದು. ಆ ದಿನಗಳಲ್ಲಿ ಕೆರೆದಂಡೆಗೆ ಕೋಳಿ ಬಿಡಬೇಡಿ. ಕಾಳು, ನೀರನ್ನು ಸೂರಿನಡಿ ಇಡಿ. ಬಾತು, ಕೋಳಿ ಒಂದೇ ಗೂಡಿನಲ್ಲಿ ಬೇಡ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಇರಿಸಿ. ಕೋಳಿ ಫಾರ್ಮಿಗೆ ಹೋಗಿ ಬಂದರೆ ಕೈಕಾಲು, ಚಪ್ಪಲಿ ತೊಳೆದೇ ಹಿತ್ತಲಿಗೆ ಹೋಗಿ.

ಕೊಕ್ಕರೆ ರೋಗಕ್ಕೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಸುಮಾರು ಎಂಟನೇ ವಾರಕ್ಕೆ ಚುಚ್ಚುಮದ್ದು. ಇದರಿಂದ ಇನ್ನೊಂದು ಲಾಭವಿದೆ: ಲಸಿಕೆ ಹಾಕಿದ ಕೋಳಿಗಳೂ ಸಾಲಾಗಿ ಸತ್ತರೆ ಅನುಮಾನ ಬೇಗ ಹುಟ್ಟುತ್ತದೆ.

ಅನುಮಾನ ಬಂತೋ, ಕೊಯ್ಯಬೇಡಿ, ಪುಕ್ಕ ಕೀಳಬೇಡಿ. ಚೆನ್ನಾಗಿ ಬೆಂದರೆ ವೈರಸ್ ಸಾಯುತ್ತದೆ, ನಿಜ. ಆದರೆ ಅಪಾಯ ಇರುವುದು ಅದಕ್ಕೂ ಮೊದಲು, ಕೊಯ್ದು ಸ್ವಚ್ಛ ಮಾಡುವ ಕೈಗೆ. ಮಕ್ಕಳನ್ನು ದೂರವಿಡಿ. ಸತ್ತದ್ದನ್ನು ಹಳ್ಳಕ್ಕೆ ಎಸೆಯಬೇಡಿ. ನಾಯಿ, ಕಾಗೆ ಮುಟ್ಟದಂತೆ ಮುಚ್ಚಿಟ್ಟು ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಮಾದರಿ ತೆಗೆದ ಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕೋಳಿ ಮುಟ್ಟಿದವರಿಗೆ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಆ ಸಂಗತಿ ಹೇಳಲೇಬೇಕು.

"ಹೇಳಿದ್ರ ಇದ್ದಬದ್ದ ಕೋಳೀನೂ ಕೊಂದುಹಾಕ್ತಾರ" ಎಂಬ ಅಂಜಿಕೆ ಸುಳ್ಳಲ್ಲ. ರೋಗ ಖಾತ್ರಿಯಾದರೆ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ. ಆದರೆ ಸರ್ಕಾರದ ಪರಿಹಾರ ಸಿಗುವುದು ಹಾಗೆ ಕೊಂದ ಕೋಳಿಗೆ. ಮೊದಲೇ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟಷ್ಟು ದಿನ ನಷ್ಟ ನಮ್ಮದೇ. ಸಂತೆಯಲ್ಲಿ ಅದನ್ನು ಕೊಳ್ಳುವವರೂ ನಮ್ಮಂಥ ರೈತರೇ ಅಲ್ಲವೇ?