ತಿಪ್ಪೆಯ ಗೊಬ್ಬರವೂ ಚೀಲದ ಗೊಬ್ಬರವೂ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ತಿಪ್ಪೆಯ ಮಾತೇಕೆಂದು ವಾಚಕರಲ್ಲಿ ಕೆಲವರು ಮೂಗು ಮುರಿಯಬಹುದು. ಆದರೆ ದಿನಕ್ಕೆರಡು ಹೊತ್ತು ಅನ್ನವುಣ್ಣುವ ನಮಗೆ ಆ ಅನ್ನವು ಹುಟ್ಟುವ ಕೆಸರಿನ ವಿಚಾರವು ಪರಕೀಯವೆನಿಸಬಾರದು. ಅಲ್ಲದೆ, ಊರಿನಲ್ಲಿ ಎರಡೆಕರೆ ಗದ್ದೆಯನ್ನಿಟ್ಟುಕೊಂಡು ಪಟ್ಟಣದಲ್ಲಿ ವಾಸಿಸುವ ಗೃಹಸ್ಥರು ಇಂದು ಬಹುಮಂದಿ ಇದ್ದಾರೆ. ಗೊಬ್ಬರದ ಖರ್ಚಿಗೆ ಹಣ ಕಳುಹಿಸತಕ್ಕವರು ಅವರೇ.

ಮಂಡ್ಯದ ಕಡೆಯ ನಾಲೆಯ ಬಯಲಿನಲ್ಲಿ ಈಗ ಹಿಂದಿನಷ್ಟು ಎತ್ತುಗಳಿಲ್ಲ. ಟ್ರಾಕ್ಟರು ಬಂದಿತು, ಕೊಟ್ಟಿಗೆ ಬರಿದಾಯಿತು, ತಿಪ್ಪೆ ಕುಗ್ಗಿತು. ಆ ಸ್ಥಾನದಲ್ಲಿ ಯೂರಿಯಾ ಚೀಲವು ಬಂದು ಕುಳಿತುಕೊಂಡಿತು. ಇದನ್ನು ಕಂಡು ಕೆಲವರು ಚೀಲದ ಗೊಬ್ಬರವೆಲ್ಲ ವಿಷವೆನ್ನುವರು. ಮತ್ತೆ ಕೆಲವರು ತಿಪ್ಪೆಯನ್ನು ಹಳೆಯ ಕಾಲದ ಹುಚ್ಚೆಂದು ನಗುವರು. ಇಬ್ಬರ ಮಾತನ್ನೂ ನಾವು ಒಪ್ಪಲಾರೆವು.

ಲೆಕ್ಕವನ್ನೇ ನೋಡೋಣ. 45 ಕಿಲೋ ತೂಕದ ಯೂರಿಯಾ ಚೀಲವೊಂದರಲ್ಲಿ ಸುಮಾರು 20 ಕಿಲೋ ಸಾರಜನಕವುಂಟು. ಅಷ್ಟನ್ನೇ ಕೊಟ್ಟಿಗೆ ಗೊಬ್ಬರದಿಂದ ಪಡೆಯಬೇಕಾದರೆ ಸುಮಾರು 4 ಟನ್ನು ಬೇಕು. ಅದರಲ್ಲಿಯೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಆದುದರಿಂದ ಹೆಚ್ಚು ಇಳುವರಿಯ ತಳಿಗಳ ಹಸಿವನ್ನು ತಿಪ್ಪೆಯೊಂದೇ ಹಿಂಗಿಸಲಾರದು. ಚೀಲದ ಕಡೆಗೆ ತಿರುಗಿದರೆ, ಯೂರಿಯಾದಲ್ಲಿ ಸಾರಜನಕವಲ್ಲದೆ ಪೈರಿಗೆ ಬೇರೆ ಆಹಾರವಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನವರು 1970ರಲ್ಲಿ ದೇಶದ ಹಲವು ಕಡೆಗಳಲ್ಲಿ ದೀರ್ಘಾವಧಿಯ ಪ್ರಯೋಗಗಳನ್ನು ಆರಂಭಿಸಿದರು. ಸಾರಜನಕವೊಂದನ್ನೇ ಹಾಕುತ್ತ ಬಂದ ತಾಕುಗಳು ವರ್ಷಗಳು ಕಳೆದಂತೆ ಸೊರಗಿದುವು. ಸಾರಜನಕ, ರಂಜಕ, ಪೊಟ್ಯಾಷ್ ಮೂರರೊಡನೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಫಸಲನ್ನು ಉಳಿಸಿಕೊಂಡುವು. ಕೊಟ್ಟಿಗೆ ಗೊಬ್ಬರದ ಜತೆಯಲ್ಲಿ ಸತುವೇ ಮೊದಲಾದ ಅಲ್ಪಾಂಶಗಳೂ ಮಣ್ಣಿಗೆ ಸೇರುತ್ತವೆ. ಸತುವು ಸಾಲದಿದ್ದರೆ ಭತ್ತದ ಎಲೆಯು ತುಕ್ಕಿನ ಬಣ್ಣಕ್ಕೆ ತಿರುಗಿ ಪೈರು ಕುಂಠಿತವಾಗುವುದೆಂದು 1966ರಲ್ಲಿ ತೋರಿಸಿಕೊಟ್ಟವರು ಪಂತನಗರದ ವಿಜ್ಞಾನಿ ವೈ. ಎಲ್. ನೇನೆಯವರು.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಕೆಸರಿನೊಳಗಿನ ವ್ಯಾಪಾರ. ನಿಂತ ನೀರಿನ ಮೇಲೆ ಎರಚಿದ ಯೂರಿಯಾದ ಸಾರಜನಕದಲ್ಲಿ ಒಂದು ದೊಡ್ಡ ಪಾಲು ಅಮೋನಿಯಾ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ಗೃಹಸ್ಥನ ಹಣವೇ ಹಾರಿಹೋದಂತಲ್ಲವೆ? ನೀರನ್ನು ಬಸಿದು, ಕೆಸರಿಗೆ ಹಾಕಿ, ಒಂದೆರಡು ದಿನದ ಮೇಲೆ ನೀರು ಕಟ್ಟಿದರೆ ನಷ್ಟವು ಕಡಮೆ. ಒಂದೇ ಸಲಕ್ಕೆ ಸುರಿಯದೆ, ಅರ್ಧವನ್ನು ನಾಟಿಯ ಕಾಲದಲ್ಲಿಯೂ ಉಳಿದುದನ್ನು ತೆಂಡೆಯೊಡೆಯುವಾಗ ಒಮ್ಮೆ, ತೆನೆಗಟ್ಟುವ ಮೊದಲೊಮ್ಮೆಯೂ ಕೊಡತಕ್ಕದ್ದು. ಸಾವಯವ ಅಂಶವು ಚೆನ್ನಾಗಿರುವ ಮಣ್ಣು ಈ ಸಾರವನ್ನು ಹಿಡಿದಿಟ್ಟುಕೊಂಡು ಬೇರಿಗೆ ಮೆಲ್ಲಮೆಲ್ಲನೆ ಒದಗಿಸುತ್ತದೆ. ತಿಪ್ಪೆಯು ಚೀಲಕ್ಕೆ ಮಾಡುವ ಉಪಕಾರವಿದು.

ಎತ್ತಿಲ್ಲದ ಮನೆಯವರೇನು ಮಾಡಬೇಕು? ಸೆಣಬನ್ನೋ ಡಯಾಂಚವನ್ನೋ ಬಿತ್ತಿ, ಆರೇಳು ವಾರಗಳಲ್ಲಿ ಹೂ ಬರುವ ಹೊತ್ತಿಗೆ ಗದ್ದೆಯಲ್ಲಿಯೇ ಉತ್ತು ಮುಚ್ಚಬಹುದು. ಬದುವಿನ ಹೊಂಗೆಯ ಸೊಪ್ಪೂ ಆದೀತು. ಒಣಹುಲ್ಲನ್ನು ನಾಟಿಯ ಮುನ್ನಾದಿನ ಕೆಸರಿಗೆ ತುಳಿಯುವುದು ಮಾತ್ರ ಬೇಡ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಎಳೆಯ ಪೈರನ್ನು ಹಳದಿಯಾಗಿಸುತ್ತದೆ. ನೀರಿನಡಿಯಲ್ಲಿ ಮೀಥೇನ್ ಅನಿಲವನ್ನೂ ಹೆಚ್ಚಿಸುತ್ತದೆ. ಗುಂಡಿಯಲ್ಲಿ ಕಳಿಸಿ ಹಾಕಿದರೆ ಈ ತೊಂದರೆಗಳು ಬಹುಮಟ್ಟಿಗೆ ತಪ್ಪುವುವು.

ನೀರಾವರಿ ಗದ್ದೆಗೆ ನಮ್ಮ ಕಡೆಯ ಕೃಷಿತಜ್ಞರು ಹೇಳುವ ಸಾಮಾನ್ಯ ಪ್ರಮಾಣವು ಎಕರೆಗೆ 4 ಟನ್ನು ಕೊಟ್ಟಿಗೆ ಗೊಬ್ಬರ, 40 ಕಿಲೋ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 20 ಕಿಲೋ. ತಮ್ಮ ಗದ್ದೆಗೆ ಇದರಲ್ಲಿ ಯಾವುದು ಹೆಚ್ಚು, ಯಾವುದು ಕಡಮೆಯೆಂಬುದನ್ನು ಮಣ್ಣಿನ ಪರೀಕ್ಷೆಯಿಂದಲೇ ತಿಳಿಯಬೇಕು. ಗದ್ದೆ ಒಣಗಿರುವಾಗ ಹತ್ತಾರು ಕಡೆಗಳಿಂದ ಗೇಣುದ್ದ ಆಳದ ಮಣ್ಣನ್ನು ತೆಗೆದು, ಬೆರಸಿ, ಅರ್ಧ ಕಿಲೋದಷ್ಟನ್ನು ಕಳುಹಿಸಿದರೆ ಸಾಕು. ನಾಲೆಗೆ ನೀರು ಬಿಡುವ ಮೊದಲೇ ಈ ಕೆಲಸವು ಆಗಬೇಕು.