ಪಾಳಿ ಮುಗಿಸಿ ಬಂದವರನ್ನು ಮಲಗಲು ಬಿಡಿ

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆಯ ಕೆಲಸ ಸಿಕ್ಕಿತೆಂದರೆ ಮನೆಯವರಿಗೆಲ್ಲ ಸಂತೋಷ. ಸಮವಸ್ತ್ರ, ತಂಪಾದ ಹಾಲ್, ಕುರ್ಚಿಯ ಮೇಲಿನ ಕೆಲಸ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಮಗನೋ ಮಗಳೋ ಮನೆಗೆ ಬಂದವರೇ ಯಾರೊಂದಿಗೂ ಮಾತಾಡದೆ ಹಾಸಿಗೆ ಹಿಡಿಯುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. "ಕೂತು ಟಿವಿ ನೋಡಿದ ಹಾಗೆ ಪರದೆ ನೋಡುವುದಕ್ಕೆ ಇಷ್ಟೊಂದು ಸುಸ್ತೇ?" ಎಂದು ನೀವೂ ಕೇಳಿರಬಹುದು.

ಟಿವಿಯ ಮುಂದೆ ಕೂತವರು ಕಣ್ಣು ಮುಚ್ಚಿದರೆ ಏನೂ ಆಗುವುದಿಲ್ಲ. ಎಕ್ಸ್-ರೇ ಪರದೆಯ ಮುಂದೆ ಕೂತವರು ಒಂದರ ಮೇಲೊಂದು ಬಿದ್ದ ಚಿತ್ರಗಳನ್ನು ಬಿಡಿಸಿ ನೋಡಬೇಕು. ಬಟ್ಟೆ, ಆಹಾರದಂಥವು ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ ಕಾಣುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಬಿಡುವುದೋ ತಡೆಯುವುದೋ ನಿರ್ಧರಿಸಬೇಕು. ಹುಡುಕುತ್ತಿರುವ ವಸ್ತು ಸಿಗುವುದಂತೂ ಬಹಳ ಅಪರೂಪ. ಮಿದುಳಿಗೆ ದಣಿವು ತರುವುದು ಇದೇ. ನಾರ್ಮನ್ ಮ್ಯಾಕ್‌ವರ್ತ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಕಾದು ನೋಡುವ ಕೆಲಸದ ಮೊದಲ ಅರ್ಧ ಗಂಟೆಯಲ್ಲೇ ಗಮನ ಕುಸಿಯುವುದು ಕಂಡುಬಂತು. ಯುರೋಪಿನ ನಿಯಮದ ಪ್ರಕಾರ ಒಬ್ಬರು ಸಾಮಾನ್ಯವಾಗಿ ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಪರದೆ ನೋಡುವಂತಿಲ್ಲ. ಆಮೇಲೆ ಕನಿಷ್ಠ 10 ನಿಮಿಷ ಬೇರೆ ಕೆಲಸ. ಅನೇಕ ಯಂತ್ರಗಳು ನಡುನಡುವೆ ಆಯುಧದ ಸುಳ್ಳು ಚಿತ್ರವನ್ನೂ ತೋರಿಸಿ, ಕೂತವರು ಎಚ್ಚರವಾಗಿದ್ದಾರೆಯೇ ಎಂದು ಪರೀಕ್ಷಿಸುತ್ತವೆ.

ಇದರ ಮೇಲೆ ಪಾಳಿ, ದೂರ. ಸಾಂಬ್ರಾ ಬೆಳಗಾವಿ ನಗರದಿಂದ ಸುಮಾರು 10 ಕಿ.ಮೀ. ಖಾನಾಪುರವಿರುವುದು ನಗರದ ಇನ್ನೊಂದು ದಿಕ್ಕಿಗೆ, ಸುಮಾರು 26 ಕಿ.ಮೀ. ಅಲ್ಲಿಂದ ಬರುವವರು ನಗರ ದಾಟಿಯೇ ಸಾಂಬ್ರಾ ಮುಟ್ಟಬೇಕು. ಲೆಕ್ಕ ಹಾಕಿ ನೋಡಿ: ರಾತ್ರಿ 10ಕ್ಕೆ ಪಾಳಿ ಮುಗಿದರೆ ಖಾನಾಪುರದ ಮನೆಗೆ ಬರುವಾಗ 11 ದಾಟಿರುತ್ತದೆ. ಊಟ, ಇಶಾ ನಮಾಝ್ ಮುಗಿಸಿ ಮಲಗುವಾಗ 12. ಮರುದಿನ ಮುಂಜಾನೆಯ ಪಾಳಿಯಿದ್ದರೆ 4ಕ್ಕೆ ಏಳಬೇಕು. ಸಿಕ್ಕಿದ್ದು 4 ಗಂಟೆ ನಿದ್ದೆ; ಬೇಕಾದದ್ದು 7 ಗಂಟೆ. ವಾರದಲ್ಲಿ ಇಂಥ ಮೂರು ದಿನ ಬಂದರೆ 9 ಗಂಟೆಯ ಸಾಲ. ಒಂದು ರಜೆಯ ದಿನ ಅದನ್ನು ತೀರಿಸುವುದಿಲ್ಲ, ಅದರಲ್ಲೂ ಆ ದಿನವೇ ನಾವು ಮದುವೆ, ಸಂತೆ, ನೆಂಟರ ಮನೆ ಎಂದು ಹೊರಡಿಸಿದರೆ.

ಅತಿ ಹೆಚ್ಚು ಭಯಪಡಬೇಕಾದದ್ದು ಮನೆಗೆ ಮರಳುವ ಬೈಕ್ ಪ್ರಯಾಣಕ್ಕೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯವಿರುವವರಷ್ಟೇ ಕುಗ್ಗಿರುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗಿರುವ ಮಿತಿ ಶೇ. 0.03. ಮದ್ಯವನ್ನು ಮುಟ್ಟಿಯೂ ನೋಡದ ಹುಡುಗ ಖಾನಾಪುರ ರಸ್ತೆಯಲ್ಲಿ ಕುಡಿದವನಂತೆ ಗಾಡಿ ಓಡಿಸುತ್ತಿರಬಹುದು. ಹೊರಡುವ ಮುಂಚೆ 20 ನಿಮಿಷ ಕಣ್ಣು ಮುಚ್ಚಿ ಬರಲಿ, ಸಾಧ್ಯವಾದರೆ ಬಸ್ಸು ಹಿಡಿಯಲಿ. "ಎಲ್ಲಿದ್ದೀಯಾ?" ಎಂದು ಮತ್ತೆಮತ್ತೆ ಫೋನ್ ಮಾಡಿ ಅವಸರಪಡಿಸಬೇಡಿ.

ಮನೆಯಲ್ಲಿ ಹಗಲು ಮಲಗುವವರನ್ನು ಸೋಮಾರಿ ಎನ್ನುವ ರೂಢಿ ಬಿಡಬೇಕು. ಕಿಟಕಿಗೆ ದಪ್ಪ ಪರದೆ ಹಾಕಿ, ಬಾಗಿಲು ಮುಚ್ಚಿ, ಮಕ್ಕಳನ್ನು ಆಚೆ ಕರೆದುಕೊಳ್ಳಿ. ಬೆಳಕು ಕಂಡರೆ ದೇಹ ಹಗಲೆಂದು ತಿಳಿದು ನಿದ್ದೆ ಕಡಿಮೆ ಮಾಡುತ್ತದೆ. ರಾತ್ರಿ ಪಾಳಿಯವರು ಬಂದು ಫಜ್ರ್ ನಮಾಝಿನ ನಂತರ ಮಲಗಿ, ಝುಹ್ರ್‌ಗೆ ಎದ್ದು, ಮತ್ತೆ ಸ್ವಲ್ಪ ಮಲಗಬಹುದು. ತುಂಡು ನಿದ್ದೆಯೂ ಲೆಕ್ಕಕ್ಕೆ ಸೇರುತ್ತದೆ. ಹಗಲು ಪಾಳಿಯ ದಿನ ಸಿಗುವ ಅರ್ಧ ಗಂಟೆಯ ಕೈಲೂಲಾ ಬಹಳ ಉಪಕಾರಿ. ಚಹಾ ಮಾತ್ರ ಮಲಗುವ 6 ಗಂಟೆ ಮೊದಲೇ ನಿಲ್ಲಿಸಲಿ.

ದುಡಿದು ಬಂದ ಮಗ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ; ಸೊಸೆ ಮಲಗಿದರೆ ಪಾತ್ರೆಗಳು ಕಾಯುತ್ತಿರುತ್ತವೆ. ಮಹಿಳಾ ಪ್ರಯಾಣಿಕರ ತಪಾಸಣೆಗೆ ಮಹಿಳೆಯರೇ ಬೇಕಾದ್ದರಿಂದ ಅವಳೂ ಗಂಟೆಗಟ್ಟಲೆ ನಿಂತೇ ಬಂದಿರುತ್ತಾಳೆ. ಅವಳ ಪಾಳಿಯ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿರಲಿ. ಅದನ್ನು ನೋಡಿ ಅಂದಿನ ರೊಟ್ಟಿ ಯಾರು ಬಡಿಯಬೇಕು ಎಂದು ಮೊದಲೇ ಗೊತ್ತುಮಾಡಿ.

ಇನ್ನೊಂದು ವಿಷಯ ಹೆಣ್ಣುಮಕ್ಕಳು ಹೇಳಲು ನಾಚುತ್ತಾರೆ. ಶೌಚಕ್ಕೆ ಬಿಡುವು ಸಿಗುವುದಿಲ್ಲವೆಂದು ನೀರೇ ಕುಡಿಯುವುದಿಲ್ಲ. ಇದರಿಂದ ಮೂತ್ರದ ಸೋಂಕು, ತಲೆನೋವು ಬರುತ್ತವೆ. ಉರಿ, ಜ್ವರವಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿ. ಕೈತೊಳೆಯುವುದನ್ನೂ ನೆನಪಿಸಿ: ಹೆಲ್ಸಿಂಕಿ ವಿಮಾನ ನಿಲ್ದಾಣದ ತಪಾಸಣೆ ಟ್ರೇಗಳಿಂದ ತೆಗೆದ 8 ಮಾದರಿಗಳಲ್ಲಿ 4ರಲ್ಲಿ ನೆಗಡಿ ಮುಂತಾದವುಗಳ ವೈರಸ್ ಕುರುಹು ಸಿಕ್ಕಿತ್ತು. ಗ್ಲೌಸ್ ಹಾಕಿದ್ದರೂ ತೆಗೆದ ಮೇಲೆ ಸೋಪು ಬೇಕು.

ಎಕ್ಸ್-ರೇ ಬಗ್ಗೆ ಬಸುರಿಯರ ಮನೆಯವರು ಹೆದರುತ್ತಾರೆ. ಯಂತ್ರದ ಒಳಗೋಡೆಯಲ್ಲಿ ಸೀಸವಿರುತ್ತದೆ, ಬಾಯಿಗೆ ಸೀಸದ ಪಟ್ಟಿಗಳಿರುತ್ತವೆ. ಸುಸ್ಥಿತಿಯಲ್ಲಿದ್ದರೆ ಹೊರಬರುವ ಕಿರಣ ತೀರಾ ಅಲ್ಪ. ಸಿಕ್ಕಿಬಿದ್ದ ಬ್ಯಾಗ್ ಎಳೆಯಲು ಪಟ್ಟಿಯೊಳಗೆ ಕೈ ಹಾಕದಿದ್ದರೆ ಸಾಕು. ಕೈಯಲ್ಲಿ ಹಿಡಿಯುವ ಲೋಹಶೋಧಕದಲ್ಲಿ ಎಕ್ಸ್-ರೇಯೇ ಇಲ್ಲ. ಆದರೂ ಗರ್ಭಿಣಿಯೆಂದು ತಿಳಿದ ಕೂಡಲೇ ಮೇಲಧಿಕಾರಿಗೆ ತಿಳಿಸಿದರೆ ರಾತ್ರಿ ಪಾಳಿ, ಹೆಚ್ಚು ಹೊತ್ತು ನಿಲ್ಲುವುದನ್ನು ತಪ್ಪಿಸಿಕೊಳ್ಳಲು ಅನುಕೂಲ.

ಸಾಕಷ್ಟು ಮಲಗಿದರೂ ತಿಂಗಳುಗಟ್ಟಲೆ ಸುಸ್ತು ಹೋಗದಿದ್ದರೆ ಕಾರಣ ಪಾಳಿಯೊಂದೇ ಇರಲಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಪರೀಕ್ಷಿಸಿ. ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಅದನ್ನೂ ಹೇಳಿ. ವೈದ್ಯರ ಬಳಿ ಹೋಗುವಾಗ ಹಿಂದಿನ ಎರಡು ವಾರ ಯಾವಾಗ ಮಲಗಿದ್ದು, ಯಾವಾಗ ಎದ್ದದ್ದು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.