ನೋವಿಲ್ಲದ ಗಾಯ, ಲೆಕ್ಕವಿಲ್ಲದ ಕಾಲು

ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ಕೆಸರಿನಲ್ಲಿ ಚಪ್ಪಲಿ ನಡೆಯದು. ನಾಟಿ, ಕಳೆ ಎಲ್ಲ ಬರಿಗಾಲಲ್ಲೇ. ಜಾಲಿಮುಳ್ಳು ನೆಟ್ಟರೆ ಬದುವಿನ ಮೇಲೆ ಕೂತು, ಪಿನ್ನಿನಿಂದ ಕೆದಕಿ ತೆಗೆದು ಮತ್ತೆ ಕೆಲಸಕ್ಕಿಳಿಯಬೇಕು. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ಮುಳ್ಳು ನೆಟ್ಟದ್ದೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಕೀವು ತುಂಬಿ ಬೆರಳು ಕಪ್ಪಿಟ್ಟಿರುತ್ತದೆ.

ಮಧುಮೇಹ ಪಟ್ಟಣದವರ ಕಾಯಿಲೆ ಎಂಬ ಮಾತಿಗೆ ಈಗ ಅರ್ಥವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಹಳ್ಳಿಗಳ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿ. ಮಧುಮೇಹಿಗಳ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಶೇ 85ರಷ್ಟು ಶುರುವಾಗುವುದು ಪಾದದ ಹುಣ್ಣಿನಿಂದ. ಅಂದರೆ ಹೆಚ್ಚಿನವರಿಗೆ ಕಾಲು ಉಳಿಸಿಕೊಳ್ಳಲು ಸಮಯ ಇರುತ್ತದೆ.

ಜೋಮುಗಟ್ಟಿದ ಪಾದವನ್ನು ಗಾಯದಿಂದ ಕಾಯಬೇಕೆಂಬ ಪಾಠ ನಮ್ಮ ಆರೋಗ್ಯ ಇಲಾಖೆಗೆ ಹೊಸದೂ ಅಲ್ಲ. ಕುಷ್ಠರೋಗಿಗಳ ಬೆರಳು ಸವೆಯುವುದು ಸ್ಪರ್ಶ ಕಳೆದುಕೊಂಡ ಕೈಕಾಲಿಗೆ ಆಗುವ ಗಾಯಗಳಿಂದ ಎಂದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದರು. ಅಂಥ ಪಾದಗಳಿಗೆಂದೇ ಮೆತ್ತನೆಯ ಎಂಸಿಆರ್ ರಬ್ಬರ್ ಚಪ್ಪಲಿ ಬಂತು. ಕುಷ್ಠರೋಗ ಕಾರ್ಯಕ್ರಮ ಅದನ್ನು ಉಚಿತವಾಗಿ ಕೊಡುತ್ತದೆ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಒಯ್ಯುವ ತಪಾಸಣಾ ನಮೂನೆಯಲ್ಲಿ ಅಂಗಾಲಿನ ಜೋಮು, ಮರುಕಳಿಸುವ ಹುಣ್ಣಿನ ಪ್ರಶ್ನೆಗಳಿವೆ. ಅವನ್ನು ಸೇರಿಸಿದ್ದು ಕುಷ್ಠ ಪತ್ತೆಗಾಗಿ. ಮಧುಮೇಹಿಯ ಪಾದಕ್ಕೂ ಅದೇ ಪ್ರಶ್ನೆ ಸಾಕು, ಅದೇ ಚಪ್ಪಲಿಯೂ ಬೇಕು. ಕಾಯಿಲೆಯ ಹೆಸರು ಬೇರೆಯೆಂದು ಕಾರ್ಯಕ್ರಮವನ್ನೂ ಬೇರೆ ಮಾಡಿದ್ದು ಕಡತದ ಬುದ್ಧಿ, ವೈದ್ಯದ್ದಲ್ಲ.

ಒಳ್ಳೆಯ ಸೂಚನೆಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯ ಮನೆಮನೆ ತಪಾಸಣೆಯ ಪಟ್ಟಿಯಲ್ಲಿ ಮಧುಮೇಹಿ ಪಾದವೂ ಸೇರಿದೆ. ಆದರೆ ಮನೆಬಾಗಿಲಿಗೆ ಬಂದವರು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ಅಳೆದು ಹೊರಟರೆ ಸಾಲದು. ಚಪ್ಪಲಿ ಬಿಡಿಸಿ, ಬೆರಳಸಂದಿ ನೋಡಿ, ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ‘ಗೊತ್ತಾಯ್ತೇನ್ರಿ?’ ಎಂದು ಕೇಳಬೇಕು. ಐದು ನಿಮಿಷದ ಕೆಲಸ.

ಹುಣ್ಣು ಪತ್ತೆಯಾದರೆ ಚಿಕಿತ್ಸೆಗೆ ಮುಂದಿನ ದಾರಿ ಉದ್ದವಿದೆ. ಹುಣಸಗಿಯಿಂದ ಸುರಪುರ, ಶಹಾಪುರ ದಾಟಿ ಯಾದಗಿರಿಯ ವೈದ್ಯಕೀಯ ಕಾಲೇಜಿಗೆ. ರಕ್ತನಾಳ ಕಟ್ಟಿದ್ದರೆ ತೆರೆಯುವ ತಜ್ಞರು ಇನ್ನೂ ದೂರ. ಬೆಂಗಳೂರಿನ ಜೈನ್ ರಕ್ತನಾಳ ವಿಜ್ಞಾನ ಸಂಸ್ಥೆಯಂಥವು ಊರೂರಿಗಿಲ್ಲ. ಕೀವಾದ ಕಾಲಿಗೆ ಬಸ್ಸು ಬದಲಿಸುತ್ತ ಕಳೆದ ಪ್ರತಿ ದಿನವೂ ನಷ್ಟವೇ.

ಲೆಕ್ಕ ಇಡುವುದು ಅಸಾಧ್ಯವೂ ಅಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮಂಡಲದ ಹಾವು ಕಚ್ಚಿದಾಗ ಹಗ್ಗ ಬಿಗಿದು ಕಾಲು ಕಳೆದುಕೊಳ್ಳುವುದೂ ಗದ್ದೆಬಯಲಿನ ಕಷ್ಟವೇ. ಕಡಿತದ ಲೆಕ್ಕ ಇಡುವ ಸರ್ಕಾರ ಕತ್ತರಿಸಿದ ಕಾಲುಗಳ ಲೆಕ್ಕವನ್ನೂ ತಾಲ್ಲೂಕುವಾರು ಕೇಳಲಿ: ಯಾರದು, ಹುಣ್ಣಾಗಿ ಎಷ್ಟು ದಿನ, ಮೊದಲು ಕಾಲು ನೋಡಿದವರು ಯಾರು, ಎಲ್ಲಿಗೆ ಕಳಿಸಿದರು.